ಸುಮ್ನೆ ಮಾಡಿಕೊಂಡು ಬಂದ ಅಭ್ಯಾಸಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಕಾಗದಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಎಲ್ಲಿಂದ ಬೇಕಾದರೂ ಓದಬಹುದು.

## ಮೊದಲಿಗೆ

ಇಷ್ಟು ವರ್ಷ ನಡ್ಕೊಂಡು ಬಂದಿದೆ. ಈಗ್ಯಾಕೆ ತಲೆ ಕೆಡಿಸ್ಕೋಬೇಕು?

ಎಲ್ಲದಕ್ಕೂ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಕಾರಣ ಹೋಗಿ ಅಭ್ಯಾಸ ಮಾತ್ರ ಉಳಿದುಬಿಡುವುದು ತುಂಬಾ ಸಾಮಾನ್ಯ. ರಂಗೋಲಿಯನ್ನೇ ನೋಡಿ. ಇರುವೆ, ಗುಬ್ಬಚ್ಚಿಗೆ ಆಹಾರವಾಗಲಿ ಅಂತ ಹಿರಿಯರು ಮಾಡಿದ್ದು ಎಂದು ಹೇಳುತ್ತೇವೆ. ಅಕ್ಕಿ ಹಿಟ್ಟಿನಲ್ಲಿ ಹಾಕಿದರೆ ಆ ಮಾತು ಸರಿ. ಈಗ ಅಂಗಡಿಯಿಂದ ತರುವ ರಂಗೋಲಿ ಪುಡಿ ಕಲ್ಲಿನದು. ಅದನ್ನು ಯಾವ ಇರುವೆಯೂ ತಿನ್ನುವುದಿಲ್ಲ. ಹಾಗಂತ ರಂಗೋಲಿ ಬಿಡಿ ಅನ್ನುತ್ತಿಲ್ಲ. ಬಾಗಿಲ ಮುಂದೆ ಚೆಂದ ಕಾಣುತ್ತದೆ, ಹಾಕುವವರಿಗೆ ಖುಷಿ ಕೊಡುತ್ತದೆ, ಅಷ್ಟೇ ಸಾಕು. ಇರುವೆಯ ಹೆಸರು ಹೇಳುವುದಾದರೆ ಮಾತ್ರ ಅಕ್ಕಿ ಹಿಟ್ಟು ತೆಗೆದುಕೊಳ್ಳಿ.

ಯಾವ ಅಭ್ಯಾಸ ಎದುರಿಗೆ ಬಂದರೂ ನಾನು ಮೂರು ವಿಷಯ ನೋಡುತ್ತೇನೆ. ಇದು ಯಾಕೆ ಶುರುವಾಯಿತು? ಆ ಕಾರಣ ಈಗಲೂ ಇದೆಯಾ? ಇದರ ಕಷ್ಟ ಯಾರ ತಲೆ ಮೇಲೆ ಬೀಳುತ್ತಿದೆ? ಮೂರರಲ್ಲಿ ಮೂರನೆಯದೇ ದೊಡ್ಡದು.

ಎಲ್ಲವನ್ನೂ ಪ್ರಶ್ನೆ ಮಾಡ್ತಾ ಕೂತ್ರೆ ದಿನ ಕಳೆಯೋದು ಹೇಗೆ?

ಕಳೆಯಲು ಆಗಲ್ಲ, ನಿಜ. ಅಭ್ಯಾಸ ಇರುವುದರಿಂದಲೇ ಬೆಳಿಗ್ಗೆ ಎದ್ದ ಕೂಡಲೇ ಕೆಲಸ ಸಾಗುತ್ತದೆ. ಯಾರಿಗೂ ತೊಂದರೆ ಇಲ್ಲದ್ದನ್ನು ಹಾಗೇ ಬಿಡಿ. ಹಣ ಹೋಗುವುದು, ಆರೋಗ್ಯ ಕೆಡುವುದು, ಇನ್ನೊಬ್ಬರ ಮನಸ್ಸು ನೋಯುವುದು, ಇವುಗಳಲ್ಲಿ ಒಂದಾದರೂ ಇದ್ದರೆ ನಿಂತು ನೋಡಿ.

## ಅಡುಗೆಮನೆ

ಬೇಳೆಗೆ ಎಷ್ಟು ವಿಷಲ್ ಕೂಗಿಸ್ಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಎಲ್ಲರೂ ಅವರವರ ಕುಕ್ಕರಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ. ವಿಷಲ್ ಬೇಯುವುದರ ಅಳತೆ ಅಲ್ಲ. ಒಳಗಿನ ಒತ್ತಡ ಮಿತಿ ಮೀರಿದಾಗ ಮೇಲಿನ ವೆಯ್ಟ್ ಎದ್ದು, ಹೆಚ್ಚಾದ ಹಬೆ ಹೊರಗೆ ಹೋಗುತ್ತದೆ. ಅಷ್ಟೇ. ಉರಿ ಜೋರಾಗಿದ್ದರೆ ನಾಲ್ಕು ನಿಮಿಷದಲ್ಲೇ ನಾಲ್ಕು ಕೂಗು ಬರಬಹುದು, ಸಣ್ಣಗಿದ್ದರೆ ಹತ್ತು ನಿಮಿಷಕ್ಕೂ ಎರಡೇ ಬರಬಹುದು. ಬೇಳೆಗೆ ಬೇಕಾದದ್ದು ಬಿಸಿ ಮತ್ತು ಸಮಯ.

ತೆರೆದ ಪಾತ್ರೆಯಲ್ಲಿ ನೀರು ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ. ಕುಕ್ಕರಿನೊಳಗೆ ಒತ್ತಡ ಪೂರ್ತಿ ಏರಿದಾಗ ಅದು ಸುಮಾರು 120 ಡಿಗ್ರಿ ಮುಟ್ಟುತ್ತದೆ. ಬೇಳೆ ಬೇಗ ಬೇಯುವುದು ಅದರಿಂದಲೇ. ಒಮ್ಮೆ ಅಲ್ಲಿಗೆ ಮುಟ್ಟಿದ ಮೇಲೆ ಉರಿ ಜಾಸ್ತಿ ಮಾಡಿದರೆ ಒಳಗಿನ ಬಿಸಿ ಹೆಚ್ಚಲ್ಲ, ಹಬೆ ಮಾತ್ರ ಹೆಚ್ಚು ಹೋಗುತ್ತದೆ. ಜೊತೆಗೆ ಗ್ಯಾಸೂ ಹೋಗುತ್ತದೆ, ಮುಚ್ಚಳದ ಮೇಲೆಲ್ಲ ಬೇಳೆಕಟ್ಟು ಉಕ್ಕುತ್ತದೆ.

ಹಾಗಾಗಿ ಮೊದಲ ಕೂಗು ಬಂದ ಮೇಲೆ ಉರಿಯನ್ನು ಸಿಮ್‌ಗೆ ಇಳಿಸಿ ಗಡಿಯಾರ ನೋಡಿ. ತೊಗರಿಬೇಳೆಗೆ ಎಂಟು-ಹತ್ತು ನಿಮಿಷ ಇಟ್ಟು ನೋಡಿ, ನಿಮ್ಮ ಬೇಳೆಗೆ ಸರಿಯಾಗಿ ಒಂದೆರಡು ನಿಮಿಷ ಹೆಚ್ಚುಕಮ್ಮಿ ಮಾಡಿಕೊಳ್ಳಿ. ಆಫ್ ಮಾಡಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಆ ಹೊತ್ತಿನಲ್ಲೂ ಬೇಳೆ ಬೇಯುತ್ತಲೇ ಇರುತ್ತದೆ.

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು ಅಂತಾರೆ. ಆದ್ರೂ ಕಾಯಿಸ್ಬೇಕಾ?

ಡೈರಿಯಲ್ಲಿ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಬಿಸಿ ಮಾಡಿ, ಕೂಡಲೇ ತಣ್ಣಗೆ ಮಾಡುತ್ತಾರೆ. ರೋಗ ತರುವ ಬ್ಯಾಕ್ಟೀರಿಯಾ ಅಷ್ಟಕ್ಕೇ ಸಾಯುತ್ತವೆ. ಅಲ್ಲಿಂದ ನಿಮ್ಮ ಫ್ರಿಜ್‌ವರೆಗೆ ತಣ್ಣಗೇ ಬಂದಿದ್ದರೆ ಹಾಗೇ ಕುಡಿಯಬಹುದು. ತೊಂದರೆ ಇರುವುದು ದಾರಿಯಲ್ಲಿ. ಬೆಳಗಿನ ಜಾವ ಅಂಗಡಿ ಮುಂದೆ ಇಳಿಸಿದ ಕ್ರೇಟು, ಗೇಟಿಗೆ ತೂಗುಹಾಕಿದ ಚೀಲ, ಏಳೂವರೆಗೆ ಏಳುವ ಮನೆಯವರು. ಅಷ್ಟು ಹೊತ್ತು ಹೊರಗಿದ್ದ ಹಾಲನ್ನು ಒಮ್ಮೆ ಕಾಯಿಸುವುದೇ ಒಳ್ಳೆಯದು.

ನಿಜಕ್ಕೂ ಬಿಡಬೇಕಾದದ್ದು ಅದೇ ಹಾಲನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಉಕ್ಕಿಸುತ್ತಲೇ ಇರುವುದನ್ನು. ಒಮ್ಮೆ ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿಡಿ. ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ.

ಹಾಲಿನವರು ಮನೆಗೆ ತಂದುಕೊಡುವ ಹಸಿ ಹಾಲಿನ ಮಾತು ಬೇರೆ. ಅದರಲ್ಲಿ ಕ್ಷಯದ, ಬ್ರುಸೆಲ್ಲೋಸಿಸ್ ಎಂಬ ಜ್ವರದ ಬ್ಯಾಕ್ಟೀರಿಯಾ ಇರಬಹುದು. ಅದನ್ನು ಕಾಯಿಸಲೇಬೇಕು.

ರಾತ್ರಿ ಉಳಿದ ಅನ್ನದಲ್ಲಿ ಬೆಳಿಗ್ಗೆ ಚಿತ್ರಾನ್ನ ಮಾಡೋದು ತಪ್ಪಾ?

ಚಿತ್ರಾನ್ನ ತಪ್ಪಲ್ಲ. ರಾತ್ರಿಯೆಲ್ಲ ಅನ್ನವನ್ನು ಅಡುಗೆ ಕಟ್ಟೆ ಮೇಲೆ ಬಿಡುವುದು ತಪ್ಪು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೇಯಿಸಿದರೂ ಅವು ಸಾಯಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಮೊಳೆತು, ಹೆಚ್ಚಿ, ವಿಷ ಉಂಟುಮಾಡುತ್ತವೆ. ವಾಂತಿ ಮಾಡಿಸುವ ಆ ವಿಷ ಎಷ್ಟು ಬಿಸಿ ಮಾಡಿದರೂ ಹೋಗಲ್ಲ. ಒಗ್ಗರಣೆಗೂ ಹೋಗಲ್ಲ, ಕೊನೆಗೆ ಹಿಂಡುವ ನಿಂಬೆಹಣ್ಣಿಗೂ ಹೋಗಲ್ಲ. ಅನ್ನ ಹಳಸಿದ ವಾಸನೆ ಬರಲೇಬೇಕು ಅಂತಲೂ ಇಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನಾವು ರಸ್ತೆ ಬದಿಯ ಪಾನಿಪೂರಿಯನ್ನು ಬೈಯುತ್ತೇವೆ.

ಮಾಡಬೇಕಾದದ್ದು ಸುಲಭ. ಊಟ ಮುಗಿದ ಮೇಲೆ ಉಳಿದ ಅನ್ನವನ್ನು ಅಗಲ ತಟ್ಟೆಗೆ ಹರಡಿ. ಕುಕ್ಕರಿನಲ್ಲೇ ಗಟ್ಟಿಯಾಗಿ ಕೂತ ಅನ್ನದ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ, ಹರಡಿದ್ದು ಬೇಗ ಆರುತ್ತದೆ. ಒಂದು ಗಂಟೆಯೊಳಗೆ, ತಪ್ಪಿದರೆ ಎರಡು ಗಂಟೆಯೊಳಗೆ ಡಬ್ಬಿಗೆ ಹಾಕಿ ಫ್ರಿಜ್‌ಗಿಡಿ. ಮಾರನೇ ಬೆಳಿಗ್ಗೆ ಚಿತ್ರಾನ್ನ, ಪುಳಿಯೋಗರೆ ಏನು ಬೇಕಾದರೂ ಆಗಲಿ. ತಣ್ಣಗಾದ ಅನ್ನ ಉದುರುದುರಾಗಿಯೂ ಬರುತ್ತದೆ.

"ನಮ್ಮಜ್ಜಿ ಕಾಲದಲ್ಲಿ ತಂಗಳನ್ನ ತಿಂತಿರಲಿಲ್ವಾ?" ಅಂತ ಇದಕ್ಕೆ ಯಾವಾಗಲೂ ಮರುಪ್ರಶ್ನೆ ಬರುತ್ತದೆ. ತಿನ್ನುತ್ತಿದ್ದರು. ಆದರೆ ನೀರು ಅಥವಾ ಮಜ್ಜಿಗೆ ಹಾಕಿ ನೆನೆಸಿಟ್ಟ ಅನ್ನ ರಾತ್ರಿ ಹುಳಿಯಾಗುತ್ತದೆ. ಹುಳಿ ಇರುವ ಕಡೆ ಇಂಥ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯಲ್ಲ. ನಾವು ಅನ್ನವನ್ನು ರಾತ್ರಿ ಬಿಡುವ ಅಭ್ಯಾಸ ಉಳಿಸಿಕೊಂಡೆವು, ಮಜ್ಜಿಗೆ ಹಾಕುವುದನ್ನು ಮರೆತೆವು.

ಊಟ ಆದ ತಕ್ಷಣ ಕಾಫಿ ಕುಡಿದ್ರೆ ಏನಾಗುತ್ತೆ?

ಕಾಫಿ, ಟೀ ಎರಡರಲ್ಲೂ ಇರುವ ಪಾಲಿಫಿನಾಲ್ ಎಂಬ ವಸ್ತುಗಳು ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ದೇಹಕ್ಕೆ ಅದು ಸರಿಯಾಗಿ ಸೇರಲ್ಲ. ಟೀ ಈ ವಿಷಯದಲ್ಲಿ ಇನ್ನೂ ಜೋರು. ಮಾಂಸದ ಕಬ್ಬಿಣಕ್ಕಿಂತ ಸೊಪ್ಪು, ಕಾಳು, ರಾಗಿಯ ಕಬ್ಬಿಣಕ್ಕೆ ಪೆಟ್ಟು ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಹಾಗಿರುವಾಗ ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಡುವುದು ದೊಡ್ಡ ಕಷ್ಟವೇನಲ್ಲ. ಕೋಸಂಬರಿಗೆ ನಿಂಬೆ ಹಿಂಡಿಕೊಳ್ಳಿ. ಅದರ ವಿಟಮಿನ್ ಸಿ ಕಬ್ಬಿಣ ಸೇರಲು ಸಹಾಯ ಮಾಡುತ್ತದೆ.

ಅಕ್ಕಿನ ನೀರು ತಿಳಿ ಆಗೋವರೆಗೂ ತೊಳೀಬೇಕಾ?

ಬೇಡ. ಧೂಳು ಹೋಗಲು ಎರಡು ಸಲ ಸಾಕು. ಜೋರಾಗಿ ಉಜ್ಜಿ ತೊಳೆದಷ್ಟೂ ಬಿ ಜೀವಸತ್ವ ನೀರಿನ ಜೊತೆ ಹೋಗುತ್ತದೆ.

## ಮೈ, ಮನೆ, ರಸ್ತೆ

ಬ್ರಷ್ ತುಂಬಾ ಪೇಸ್ಟ್ ಹಾಕ್ಬೇಕು ಅಲ್ವಾ? ಜಾಹೀರಾತಲ್ಲಿ ಹಾಗೇ ತೋರಿಸ್ತಾರೆ.

ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಸಾಕು. ಮೂರು ವರ್ಷದೊಳಗಿನ ಮಕ್ಕಳಿಗೆ ಒಂದು ಅಕ್ಕಿ ಕಾಳಿನಷ್ಟು. ಹಲ್ಲು ಸ್ವಚ್ಛ ಮಾಡುವುದು ಬ್ರಷ್ಷು ಮತ್ತು ಎರಡು ನಿಮಿಷದ ಸಮಯ, ನೊರೆ ಅಲ್ಲ. ಫ್ಲೋರೈಡ್ ಇರುವ ಪೇಸ್ಟ್ ಆದರೆ ಉಗಿದ ಕೂಡಲೇ ಗಟಗಟ ನೀರು ಹಾಕಿ ಬಾಯಿ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಪೂರ್ತಿ ತೊಳೆದುಹೋಗುತ್ತದೆ.

ವಾರಕ್ಕೊಂದ್ಸಲ ಬಡ್ಸ್ ಹಾಕಿ ಕಿವಿ ಕ್ಲೀನ್ ಮಾಡ್ಕೊಳ್ಳೋದು ಒಳ್ಳೇದಲ್ವಾ?

ಅಲ್ಲ. ಗುಗ್ಗೆ ಕೊಳಕಲ್ಲ, ಕಿವಿಯ ಒಳಚರ್ಮವನ್ನು ಕಾಯುವುದೇ ಅದು. ತಾನಾಗಿ ನಿಧಾನಕ್ಕೆ ಹೊರಗೆ ಬರುತ್ತದೆ. ಬಡ್ಸ್, ಹೇರ್‌ಪಿನ್, ಬೈಕಿನ ಕೀ ಎಲ್ಲವೂ ಅದನ್ನು ಇನ್ನೂ ಒಳಕ್ಕೆ ತಳ್ಳುತ್ತವೆ. ಹೊರಕಿವಿ ಒರೆಸಿಕೊಳ್ಳಿ. ಕಿವಿ ಕಟ್ಟಿಕೊಂಡಿದ್ದರೆ ಡಾಕ್ಟರಿಗೆ ತೋರಿಸಿ.

ರೂಮು ತಣ್ಣಗಿರಲಿ ಅಂತ ಯಾರೂ ಇಲ್ದಾಗ್ಲೂ ಫ್ಯಾನ್ ಹಾಕಿಟ್ಟಿರ್ತೀವಿ. ಸರೀನಾ?

ಫ್ಯಾನ್ ರೂಮನ್ನು ತಣ್ಣಗೆ ಮಾಡಲ್ಲ. ಬೆವರು ಆರಿಸಿ ನಮ್ಮ ಮೈಯನ್ನು ತಣ್ಣಗೆ ಮಾಡುತ್ತದೆ. ಯಾರೂ ಇಲ್ಲದ ರೂಮಿನಲ್ಲಿ ಅದರ ಮೋಟಾರ್ ಸ್ವಲ್ಪ ಬಿಸಿಯನ್ನೇ ಸೇರಿಸುತ್ತದೆ.

ಗೀಸರಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 15 ಲೀಟರಿನ, 2000 ವ್ಯಾಟಿನ ಗೀಸರ್ ನೀರನ್ನು 25 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಲು ಹೆಚ್ಚುಕಮ್ಮಿ ಕಾಲು ಗಂಟೆ ಸಾಕು, ಅರ್ಧ ಯೂನಿಟ್ ಒಳಗೇ ಆಗುತ್ತದೆ. ಎದ್ದ ಕೂಡಲೇ ಸ್ವಿಚ್ ಹಾಕಿ ಒಂದೂವರೆ ಗಂಟೆ ಬಿಟ್ಟು ಸ್ನಾನಕ್ಕೆ ಹೋಗುವುದರಲ್ಲಿ ಏನೂ ಲಾಭವಿಲ್ಲ.

ಇಲ್ಲೇ ಸರ್ಕಲ್‌ವರೆಗೆ ಹೋಗೋದು. ಹೆಲ್ಮೆಟ್ ತಲೆ ಮೇಲಿದೆ, ಪಟ್ಟಿ ಯಾಕೆ ಹಾಕ್ಬೇಕು?

ಪಟ್ಟಿ ಹಾಕದ ಹೆಲ್ಮೆಟ್ ತಲೆ ಮೇಲೆ ಇರುವುದು ಗಾಡಿ ನೆಟ್ಟಗೆ ಹೋಗುವವರೆಗೆ ಮಾತ್ರ. ಬಿದ್ದಾಗ ತಲೆ ನೆಲ ಮುಟ್ಟುವ ಮೊದಲೇ ಅದು ಹಾರಿಹೋಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನು ಹೆಲ್ಮೆಟ್ ಇರಬೇಕು ಅಂತಷ್ಟೇ ಹೇಳಲ್ಲ, ಪಟ್ಟಿಯಿಂದ ತಲೆಗೆ ಬಿಗಿಯಾಗಿರಬೇಕು ಅನ್ನುತ್ತದೆ. ಗದ್ದದ ಕೆಳಗೆ ಬಕಲ್ ಹಾಕಿ, ಹೆಲ್ಮೆಟನ್ನು ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಪಟ್ಟಿ ಸಡಿಲ ಇದೆ ಎಂದರ್ಥ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ನಂಬರ್ ಇದೆಯಾ ನೋಡಿ. ಪೊಲೀಸರು ಕಂಡಾಗ ಹಾಕಿಕೊಳ್ಳುವ ಅರ್ಧ ಟೋಪಿ ದಂಡ ಉಳಿಸಬಹುದು, ತಲೆ ಉಳಿಸಲ್ಲ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೋದ್ಸಲ ಬರೆದುಕೊಟ್ಟ ಆ್ಯಂಟಿಬಯೋಟಿಕ್ ಉಳಿದಿದೆ. ಈ ಸಲದ ಶೀತಕ್ಕೆ ಅದನ್ನೇ ತಗೋಬಹುದಾ?

ಬೇಡ. ಶೀತ ನೆಗಡಿ ಬಹುತೇಕ ವೈರಸ್‌ನಿಂದ ಬರುತ್ತದೆ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾ ಮೇಲೆ ಮಾತ್ರ ಕೆಲಸ ಮಾಡುತ್ತದೆ. ನೆಗಡಿ ಹೇಗೂ ಒಂದು ವಾರದಲ್ಲಿ ಹೋಗುತ್ತದೆ, ನಾವು ಮಾತ್ರೆಯಿಂದ ಹೋಯಿತು ಅಂದುಕೊಳ್ಳುತ್ತೇವೆ. ಅಭ್ಯಾಸ ಗಟ್ಟಿಯಾಗುವುದು ಹೀಗೆ. ಬೇಡದಿದ್ದಾಗ ನುಂಗಿದ ಮಾತ್ರೆಯಿಂದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಆಗುತ್ತವೆ. ಆಮೇಲೆ ನಿಜವಾದ ಸೋಂಕು ಬಂದಾಗ ಅದೇ ಮಾತ್ರೆ ಕೆಲಸ ಮಾಡಲ್ಲ. ಸ್ಟ್ರಿಪ್ ಮೇಲೆ ಮೇಲಿಂದ ಕೆಳಗೆ ಎಳೆದ ಕೆಂಪು ಗೆರೆ ಕಂಡರೆ ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ.

## ನಂಬಿಕೆಗಳು

ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತಾರೆ. ಭೂಮಿಯ ಅಯಸ್ಕಾಂತ ರಕ್ತದ ಕಬ್ಬಿಣನ ಎಳೆಯುತ್ತಂತೆ, ಹೌದಾ?

ಇಲ್ಲ. ರಕ್ತದ ಕಬ್ಬಿಣ ಹಿಮೋಗ್ಲೋಬಿನ್ ಜೊತೆ ಸೇರಿಕೊಂಡಿರುತ್ತದೆ. ಮೊಳೆ, ಸೂಜಿಯ ಹಾಗೆ ಅದನ್ನು ಅಯಸ್ಕಾಂತ ಎಳೆಯಲ್ಲ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ (ಒಂದು ಟೆಸ್ಲಾದ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಟೆಸ್ಲಾ). ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ಯಂತ್ರದ್ದು 1.5 ಟೆಸ್ಲಾ, ಅಂದರೆ 30,000 ಪಟ್ಟಿಗೂ ಜಾಸ್ತಿ. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತ ಒಂದು ಕಡೆ ಹೋಗಿ ಸೇರಲ್ಲ. ಮಂಚ ಯಾವ ಕಡೆ ಇಟ್ಟರೆ ಗಾಳಿ ಬರುತ್ತದೋ ಆ ಕಡೆ ಇಡಿ.

ಹಿರಿಯರು ಸುಮ್ನೆ ಮಾಡಿರಲ್ಲ. ಎಲ್ಲದರ ಹಿಂದೆ ವಿಜ್ಞಾನ ಇದೆ ಅಲ್ವಾ?

ಕೆಲವುದರ ಹಿಂದೆ ಒಳ್ಳೆಯ ಅನುಭವ ಇದೆ. ಇಡ್ಲಿ ಹಿಟ್ಟು ಹುದುಗಿಸುವುದು, ಕಾಳು ನೆನೆಸಿ ಬೇಯಿಸುವುದು, ಹೊರಗಿನಿಂದ ಬಂದವರು ಕಾಲು ತೊಳೆಯುವುದು. ಇವನ್ನು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು, ಮಾಡಿದರೆ ನಿಲ್ಲುತ್ತವೆ. ತೊಂದರೆ ಇರುವುದು ಅಭ್ಯಾಸ ಮೊದಲು ಇಟ್ಟುಕೊಂಡು ಕಾರಣ ಆಮೇಲೆ ಹುಡುಕುವುದರಲ್ಲಿ. ಮೇಲಿನ ಅಯಸ್ಕಾಂತದ ಕಥೆ ಅಂಥದ್ದು.

ಕೇಳಿದರೆ ಹಿರಿಯರಿಗೆ ಅವಮಾನ ಎಂದೂ ನಾನು ಒಪ್ಪಲ್ಲ. ಗೌರಿಬಿದನೂರಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಖಾದಿ ಉಟ್ಟ ಗಾಂಧಿವಾದಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದವರು, ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅವರೂ ನಮ್ಮ ಹಿರಿಯರೇ. ಅದೇ 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿ, ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ ಎನ್ನುತ್ತದೆ.

ರಾಹುಕಾಲ ನೋಡೋದ್ರಿಂದ ಯಾರಿಗೇನು ನಷ್ಟ?

ಹೊಸ ಗಾಡಿ ತರುವುದನ್ನು ಒಂದೂವರೆ ಗಂಟೆ ತಡ ಮಾಡಿದರೆ ಯಾರಿಗೂ ನಷ್ಟವಿಲ್ಲ. ಲೆಕ್ಕ ಮಾತ್ರ ತಿಳಿದಿರಲಿ. ಹಗಲನ್ನು ಎಂಟು ಪಾಲು ಮಾಡಿ, ವಾರಕ್ಕೆ ತಕ್ಕಂತೆ ಒಂದು ಪಾಲನ್ನು ರಾಹುವಿಗೆ ಕೊಡುತ್ತಾರೆ. ಸೋಮವಾರ 7.30ರಿಂದ 9, ಮಂಗಳವಾರ 3ರಿಂದ 4.30 ಎಂದು ಕ್ಯಾಲೆಂಡರಿನಲ್ಲಿ ಅಚ್ಚಾಗುವುದು ಸೂರ್ಯ ಬೆಳಿಗ್ಗೆ ಆರಕ್ಕೆ ಹುಟ್ಟಿ ಸಂಜೆ ಆರಕ್ಕೆ ಮುಳುಗುತ್ತಾನೆ ಎಂದುಕೊಂಡು. ಬೆಂಗಳೂರಿನಲ್ಲಿ ಮೇ ಕೊನೆಗೆ ಆರಕ್ಕೆ ಮುಂಚೆಯೇ ಬೆಳಗಾಗುತ್ತದೆ, ಜನವರಿ ಕೊನೆಗೆ 6.45ರ ಹತ್ತಿರ. ಅಂದರೆ ಗೋಡೆಯ ಕ್ಯಾಲೆಂಡರ್ ಪಂಚಾಂಗದ ಲೆಕ್ಕಕ್ಕೇ ಸರಿಹೊಂದಲ್ಲ.

ಆದರೆ ಎದೆನೋವು ಬಂದವರನ್ನು "ಇನ್ನು ಇಪ್ಪತ್ತು ನಿಮಿಷ ತಡೀರಿ" ಅಂತ ಕೂರಿಸಿದರೆ, ಹೆರಿಗೆಯ ಆಪರೇಷನ್ನಿಗೆ ಡಾಕ್ಟರ ಮಾತು ಬಿಟ್ಟು ಗಳಿಗೆ ಹುಡುಕಿದರೆ, ಅಲ್ಲಿ ನಷ್ಟ ಜೀವದ್ದು. ಅಂಥ ಹೊತ್ತಿನಲ್ಲಿ ಕ್ಯಾಲೆಂಡರ್ ನೋಡಲೇಬೇಡಿ.

ಗ್ರಹಣದಲ್ಲಿ ಊಟ ಮಾಡಬಾರದಾ? ಬಸುರಿಯರು ಹೊರಗೆ ಬರಬಾರದಾ?

ಊಟ ಮಾಡಬಹುದು, ಹೊರಗೂ ಬರಬಹುದು. ಗ್ರಹಣ ಅಂದರೆ ನೆರಳು. ಅದರಿಂದ ಹೊಸ ಕಿರಣ ಏನೂ ಬರಲ್ಲ. ಅಪಾಯ ಒಂದೇ, ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡುವುದು. ಗ್ರಹಣ ನೋಡಲೆಂದೇ ಮಾಡಿದ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗ್ಲಾಸ್ ಬೇಕು. ಎಕ್ಸ್‌ರೇ ಫಿಲ್ಮ್, ಕೂಲಿಂಗ್ ಗ್ಲಾಸ್ ಸಾಲದು.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ದಾರಿ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಹಗಲಲ್ಲೇ ಕತ್ತಲಾಗುವ ಆ ನೋಟ ಒಂದೇ ಊರಿಗೆ ಮತ್ತೆ ಬರಲು ಸಾಮಾನ್ಯವಾಗಿ ನೂರಾರು ವರ್ಷ ಬೇಕು. ಎಷ್ಟೋ ಜನ ಬಾಗಿಲು ಹಾಕಿ ಒಳಗೆ ಕೂತರು. 2019ರ ಡಿಸೆಂಬರ್ 26ರ ಗ್ರಹಣದ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಅಳುವ ಮಗುವನ್ನು ಮಣ್ಣಿಗಿಳಿಸಿದ ಆ ತಂದೆತಾಯಿಗೆ ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅವರ ಸುತ್ತ ಯಾರೂ ಕೇಳಿರಲಿಲ್ಲ. ಬಸುರಿಯನ್ನು, ಸಕ್ಕರೆ ಕಾಯಿಲೆಯವರನ್ನು ಗಂಟೆಗಟ್ಟಲೆ ನೀರೂ ಕೊಡದೆ ಕೂರಿಸುವುದು ಅಷ್ಟು ಕ್ರೂರವಾಗಿ ಕಾಣಲ್ಲ, ಆದರೆ ಅದೂ ನಿಲ್ಲಬೇಕು.

## ಜನರ ನಡುವೆ

ನಮ್ಮನೇಲಿ ಅಮ್ಮ ಯಾವಾಗ್ಲೂ ಕೊನೇಲೇ ಊಟ ಮಾಡೋದು. ಅವರಿಗೇ ಅದು ಇಷ್ಟ. ಅದ್ರಲ್ಲಿ ತಪ್ಪೇನು?

ಇಷ್ಟವೋ ಅಭ್ಯಾಸವೋ ಅವರಿಗೂ ಗೊತ್ತಿರಲ್ಲ. ಒಂದು ವಾರ ಅವರ ತಟ್ಟೆ ನೋಡಿ. ಸಾರಿನ ತಳದಲ್ಲಿ ಬೇಳೆ ಉಳಿದಿದೆಯಾ? ಪಲ್ಯ ಇದೆಯಾ, ಅಥವಾ ಉಪ್ಪಿನಕಾಯಿ ಮಜ್ಜಿಗೆಯಲ್ಲಿ ಮುಗಿಯುತ್ತಿದೆಯಾ? ದೋಸೆ ಹೊಯ್ಯುವ ದಿನ ಎಲ್ಲರಿಗೂ ಬಿಸಿ, ಅವರಿಗೆ ಕೊನೆಯ ಎರಡು, ಅದೂ ಚಟ್ನಿ ಬಳಿದು. ಮೇಲೆ ಹೇಳಿದ ರಕ್ತಹೀನತೆಯ ಲೆಕ್ಕಕ್ಕೂ ಈ ತಟ್ಟೆಗೂ ಸಂಬಂಧ ಇದೆ ಅಂತ ನನಗೆ ಅನಿಸುತ್ತದೆ.

"ನೀನೂ ಕೂತ್ಕೋಮ್ಮ" ಅಂದರೆ ಸಾಲದು, ಅವರು ಕೂರಲ್ಲ. ಪಾತ್ರೆಗಳನ್ನೆಲ್ಲ ಊಟದ ಜಾಗಕ್ಕೆ ತನ್ನಿ, ಎಲ್ಲರೂ ತಾವೇ ಬಡಿಸಿಕೊಳ್ಳಲಿ. ದೋಸೆ ದಿನ ಸರದಿ ಪ್ರಕಾರ ಒಬ್ಬೊಬ್ಬರು ಕಾವಲಿ ಮುಂದೆ ನಿಲ್ಲಲಿ.

ಮನೆಕೆಲಸದವರಿಗೆ ಬೇರೆ ಲೋಟ ಇಟ್ಟಿದೀವಿ. ಜಾತಿಗಲ್ಲ, ಬರೀ ಸ್ವಚ್ಛತೆಗೆ. ಇದೂ ತಪ್ಪಾ?

ತಪ್ಪು. ಸ್ವಚ್ಛತೆಯೇ ಕಾರಣವಾದರೆ ನೆಂಟರು ಬಂದಾಗಲೂ ಬೇರೆ ಲೋಟ ಇರಬೇಕಿತ್ತು. ನಿಮ್ಮ ಮನೆಯ ಎಲ್ಲ ಲೋಟಗಳನ್ನೂ ತೊಳೆಯುವುದು ಅವರದೇ ಕೈ. ಆ ಕೈ ತೊಳೆದ ಲೋಟದಲ್ಲಿ ನೀವು ಕುಡಿಯುತ್ತೀರಿ, ಅವರು ಮಾತ್ರ ಹಿತ್ತಲ ಕಿಟಕಿಯಲ್ಲಿಟ್ಟ ನೆಗ್ಗಿದ ಸ್ಟೀಲ್ ಲೋಟದಲ್ಲಿ ಕುಡಿಯಬೇಕು. ಈ ಅಭ್ಯಾಸ ಎಲ್ಲಿಂದ ಬಂತು ಎಂದು ನಮಗೆಲ್ಲ ಗೊತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ಹೋಗಿ ನೀರು ಕುಡಿದರು. ಎಲ್ಲರಿಗೂ ಸೇರಿದ ಕೆರೆಯ ನೀರು ಕುಡಿಯಲು ಚಳವಳಿ ಬೇಕಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿದ್ದರೂ ರದ್ದು ಮಾಡಿತು. ಆ ರೂಪಗಳಲ್ಲಿ ಲೋಟವೂ ಒಂದು. ಅಪಾರ್ಟ್‌ಮೆಂಟಿನ ಕೆಲಸದವರ ಲಿಫ್ಟ್ ಬಗ್ಗೆ ಕೇಳಿದವರಿಗೂ ನನ್ನದು ಇದೇ ಉತ್ತರ.

ಇಲ್ಲಿ ಅರ್ಧ ದಾರಿ ಇಲ್ಲ. ಇವತ್ತೇ ಆ ಲೋಟವನ್ನು ಉಳಿದವುಗಳ ಜೊತೆ ಸೇರಿಸಿ, ಕಾಫಿಯನ್ನು ನೀವು ಕುಡಿಯುವ ಲೋಟದಲ್ಲೇ ಕೊಡಿ. ಕುಡಿಯಲು ಕುರ್ಚಿಯನ್ನೂ ಕೊಡಿ.

ಇದನ್ನೆಲ್ಲ ಅತ್ತೆಗೆ ಹೇಳೋದು ಹೇಗೆ? ಮನೆ ರಣರಂಗ ಆಗುತ್ತೆ.

ವಾದದಿಂದ ಶುರು ಮಾಡಬೇಡಿ, ಕೆಲಸದಿಂದ ಶುರು ಮಾಡಿ. "ಅತ್ತೆ, ಇವತ್ತು ನಾನು ಬೇಳೆ ಇಡ್ತೀನಿ" ಎಂದು ಸಿಮ್‌ನಲ್ಲಿ ಬೇಯಿಸಿ ತೋರಿಸಿ. ಬೇಳೆ ಬೆಂದಿದ್ದರೆ ಅವರೇ ಒಪ್ಪುತ್ತಾರೆ. "ಇದು ಯಾಕೆ ಹೀಗೆ?" ಎಂದು ಅವರನ್ನೇ ಕೇಳಿ. ಎಷ್ಟೋ ಸಲ ಅವರಿಗೂ ಅವರ ಅತ್ತೆ ಹೇಳಿದ್ದಷ್ಟೇ ಗೊತ್ತಿರುತ್ತದೆ, ಆ ಮಾತು ಅವರ ಬಾಯಿಂದಲೇ ಬರುತ್ತದೆ. ಯಾರಿಗೂ ನೋವಿಲ್ಲದ ಅಭ್ಯಾಸಗಳಲ್ಲಿ ಅವರ ಮಾತೇ ನಡೆಯಲಿ. ಇನ್ನೊಬ್ಬರ ಜೀವ, ಇನ್ನೊಬ್ಬರ ಮರ್ಯಾದೆ ಇರುವ ಕಡೆ ಮಾತ್ರ ಮೆತ್ತಗೆ, ಆದರೆ ಗಟ್ಟಿಯಾಗಿ ನಿಲ್ಲಿ.

ತಿಳ್ಕೊಂಡ್ಮೇಲೂ ಕೈ ಹಳೇದನ್ನೇ ಮಾಡುತ್ತೆ. ಏನ್ಮಾಡೋದು?

ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು, ಜಾಗ ಬದಲಾಯಿಸಿ. ಬಡ್ಸ್ ಡಬ್ಬಿಯನ್ನು ಕನ್ನಡಿ ಮುಂದಿನಿಂದ ತೆಗೆದುಬಿಡಿ. ಉಳಿದ ಆ್ಯಂಟಿಬಯೋಟಿಕ್ ಮನೆಯಲ್ಲಿ ಇಡಬೇಡಿ. ಅನ್ನ ಹರಡುವ ತಟ್ಟೆಯನ್ನು ಕುಕ್ಕರ್ ಪಕ್ಕದಲ್ಲೇ ಇಡಿ, ಊಟ ಮುಗಿಯುವ ಹೊತ್ತಿಗೆ ಮೊಬೈಲಿನಲ್ಲಿ ಅಲಾರಂ ಇಡಿ. ಒಂದು ಸಲಕ್ಕೆ ಒಂದೇ ಅಭ್ಯಾಸ ಹಿಡಿಯಿರಿ. ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ನೀವು ಮರೆತ ರಾತ್ರಿ ಅವರು ಅನ್ನ ಎತ್ತಿಡುತ್ತಾರೆ.